ಸುಮ್ಮನೆ ಕುಳಿತ ಎರಡು ಚಾನೆಲ್

ಇದು ನಡೆದದ್ದು ನಿಜ. ನಂಬದಿದ್ದರೆ ನಿಮ್ಮ ತಪ್ಪಲ್ಲ, ಯಾಕೆಂದರೆ ಹೇಳುತ್ತಿರುವವನು ನಾನು. ಊರಿನವರ ದನಿಯನ್ನೆಲ್ಲ ಕದ್ದು ನಗಿಸುವ ಮಿಮಿಕ್ರಿ ಮಂಜನ ಮಾತನ್ನು ಯಾರು ನಂಬುತ್ತಾರೆ? ನನ್ನ ದಡ್ಡತನವನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ರಾತ್ರಿ ಸತ್ತವರ ದನಿಯಲ್ಲಿ ಮಾತಾಡಿದೆ, ಸಾಲದ್ದಕ್ಕೆ ಲೆಕ್ಕ ಬರುತ್ತದೆಂದು ಬೀಗಿದೆ.

ಚಿತ್ರದುರ್ಗದ ಹೊರಗೆ ಒಂದು ಗುಡ್ಡದ ಮೇಲೆ ನಮ್ಮ ಫೋನ್ ಲೈನುಗಳ ಕೋಣೆ ಇದೆ. ರಾತ್ರಿ ಪಾಳಿಗೆ ನಾನೊಬ್ಬನೇ. ಹೊರಗೆ ಗಾಳಿಯಂತ್ರಗಳ ರೆಕ್ಕೆ... ಹೂಫ್... ಹೂಫ್... ಒಳಗೆ ಬ್ಯಾಟರಿಗಳ ಹುಳಿ ವಾಸನೆ. ಹೊಸದುರ್ಗ, ಹಿರಿಯೂರಿನ ಕೋಣೆಗಳ ಜೊತೆ ಮಾತಾಡಲು ನಮ್ಮದೇ ಒಂದು ಪ್ರತ್ಯೇಕ ಫೋನ್ ಇದೆ. ಕರೆ ಎಲ್ಲಿಂದ ಬಂತೆಂದು ಅದರ ಪುಟ್ಟ ಪರದೆ ತೋರಿಸುತ್ತದೆ. ಹಿರಿಯೂರಿನ ಕೋಣೆಗೆ ರಾತ್ರಿ ಬೀಗ. ಹೊಸದುರ್ಗದಲ್ಲಿ ದಾದಾಪೀರಣ್ಣ.

ಅವನ ಹೆಂಡತಿಗೆ ದಿನ ತುಂಬಿತ್ತು. ತವರು ಯಲ್ಲದಕೆರೆಯಲ್ಲಿದ್ದಳು. ಅಲ್ಲಿಯ ಮೊಬೈಲ್ ಟವರ್ ಸಿಡಿಲಿಗೆ ಸಿಕ್ಕು ಕೆಟ್ಟಿತ್ತು. ನೋವು ಬಂದರೆ ಆಂಬುಲೆನ್ಸಿಗೂ ಗಂಡನಿಗೂ ತಿಳಿಸಲು ಮನೆಯ ಹಳೆಯ ಲ್ಯಾಂಡ್‌ಲೈನ್ ಒಂದೇ ಗತಿ. ದಾದಾಪೀರಣ್ಣ ತಳಮಳದಲ್ಲಿದ್ದ. ನಗಿಸೋಣವೆಂದು ಅವನಿಗೆ ಫೋನ್ ಮಾಡಿದೆ.

ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂರುತ್ತಿದ್ದವರು ತಿಪ್ಪೇಸ್ವಾಮಣ್ಣ. ನನಗೆ ಕೆಲಸ ಕಲಿಸಿದವರು, ತೀರಿಕೊಂಡಿದ್ದರು. ನಶ್ಯ ಏರಿಸಿ ಕಟ್ಟಿದ ಮೂಗು, ಪ್ರತಿ ಮಾತಿಗೂ ಮೊದಲು ಒಂದು 'ಹ್ಞೂಂ'... ನನಗೆ ಬಾಯಿಪಾಠ.

"ಹ್ಞೂಂ... ಏನಪ್ಪ ದಾದಾಪೀರ, ನಿದ್ದೆ ಹೊಡೀತಿದೀಯಾ?" ಎಂದೆ ಅವರ ದನಿಯಲ್ಲಿ.

ದಾದಾಪೀರಣ್ಣ ನಗಲಿಲ್ಲ.

"ಲೇ ಮಂಜ, ಹೋದೋರ ದನಿ ತಗೀಬ್ಯಾಡ" ಎಂದು ಫೋನ್ ಇಟ್ಟ.

ನಾನು ಕೆಲಸಕ್ಕೆ ತಿರುಗಿದೆ. ಹೊಳಲ್ಕೆರೆಯ ಒಂದು ಎಟಿಎಂಗೆ ನೂರ ಇಪ್ಪತ್ತೆಂಟು ಕಿಲೋಬಿಟ್ ವೇಗ ಬೇಕು, ಎಲ್ಲಾದರೂ ಖಾಲಿ ಇದ್ದರೆ ಹುಡುಕಿ ಕೊಡು ಎಂದು ಸಾಹೇಬರು ಹೇಳಿಹೋಗಿದ್ದರು. ಯಲ್ಲದಕೆರೆಯ ಫೋನ್ ಕರೆಗಳೆಲ್ಲ ನಮ್ಮ ಕೋಣೆಯ ಮೂಲಕ ಹೊರಗೆ ಹೋಗುವುದು ಒಂದೇ ಲೈನಿನಲ್ಲಿ. ನಾವು ಅದನ್ನು 'ಎರಡು ಎಂಬಿ' ಎನ್ನುತ್ತೇವೆ. ಕಿಲೋಬಿಟ್‌ಗೆ ತಿರುಗಿಸಿದರೆ ಎರಡು ಸಾವಿರದ ನಲವತ್ತೆಂಟು. ಒಬ್ಬರ ಮಾತಿಗೆ ಅರವತ್ತನಾಲ್ಕು. ಭಾಗಿಸಿದೆ, ಮೂವತ್ತೆರಡು ಚಾನೆಲ್ ಬಂತು. ಪರದೆಯ ಮೇಲೆ ಮಾತಿಗೆಂದು ಇಟ್ಟಿದ್ದು ಮೂವತ್ತೇ. ಉಳಿದವು ಎರಡು. ಎರಡು ಅರವತ್ತನಾಲ್ಕು ನೂರ ಇಪ್ಪತ್ತೆಂಟು... ಎಟಿಎಂ ಕೇಳಿದ್ದೂ ಅಷ್ಟೇ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಎರಡನ್ನು ಕಿತ್ತು ಹೊಳಲ್ಕೆರೆಗೆ ಕೊಡುವ ಆದೇಶವನ್ನು ಕಂಪ್ಯೂಟರಿನಲ್ಲಿ ಬರೆದಾಯಿತು. ಒಂದು ಕೀ ಒತ್ತುವುದಷ್ಟೇ ಬಾಕಿ...

ಫೋನ್ ಗುರ್ ಎಂದಿತು.

"ಹ್ಞೂಂ. ಒತ್ತಬ್ಯಾಡಪ್ಪ."

ನಕ್ಕೆ. "ದಾದಾಪೀರಣ್ಣ, ಪರವಾಗಿಲ್ಲ, ನೀನೂ ಕಲ್ತಿದೀಯ."

"ಭಾಗಿಸಿದ್ಯಲ್ಲ, ಎಷ್ಟು ಬಂತು?"

"ಮೂವತ್ತೆರಡು."

"ಮಾತಾಡೋರು ಮೂವತ್ತು. ಉಳಿದಿಬ್ರು ಯಾಕೆ ಸುಮ್ನೆ ಕುಂತವ್ರೆ ಅಂತ ಯೋಚ್ನೆ ಮಾಡಿದ್ಯಾ?"

ಆ ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಒಬ್ಬ ತಾಳ ಹಿಡೀತಾನೆ. ಇನ್ನೊಬ್ಬ ಯಾರ ಮನೆ ಗಂಟೆ ಹೊಡೀಬೇಕು ಅಂತ ಹೇಳ್ತಾನೆ. ಅವರನ್ನ ಎಬ್ಬಿಸಿ ಕಳಿಸಿದ್ರೆ ಆ ಮೂವತ್ತೂ ಬಾಯಿ ಕಟ್ಕಂಡು ಕುಂತ್ಕಳ್ತವೆ... ಆ ಬಸುರಿ ಹುಡುಗಿ ಫೋನ್ ಮಾಡೋದೈತೆ."

ನಕಲು ಮಾಡುವವನಿಗೆ ನಕಲು ಗೊತ್ತಾಗುತ್ತದೆ. ನಾವು ಒಬ್ಬರ ಒಂದು ಗುಣ ಹಿಡಿದು ಅದನ್ನೇ ಉಬ್ಬಿಸುತ್ತೇವೆ. ನಾನು ಆ 'ಹ್ಞೂಂ' ಅನ್ನು ಉದ್ದಕ್ಕೆ ಎಳೆಯುತ್ತಿದ್ದೆ. ಈ ದನಿ ಎಳೆಯಲಿಲ್ಲ. ಮಾತು ಮುಗಿದ ಮೇಲೆ ಕಟ್ಟಿಸಿದ ಹಲ್ಲು ಸಣ್ಣಗೆ ಟಿಕ್ ಎಂದಿತು... ಅವರು ಬದುಕಿದ್ದಾಗ ಅದನ್ನು ದಿನವೂ ಕೇಳಿದ್ದೆ, ಗಮನಿಸಿರಲಿಲ್ಲ. ನಾನೇ ಗಮನಿಸದ್ದನ್ನು ಬೇರೆ ಯಾರು ನಕಲು ಮಾಡಿಯಾರು?

ಪುಟ್ಟ ಪರದೆ ನೋಡಿದೆ. ಕರೆ ಬಂದಿದ್ದು ಹಿರಿಯೂರಿನಿಂದ. ಬೀಗ ಹಾಕಿದ ಕೋಣೆಯಿಂದ.

ಫೋನನ್ನು ತಟಕ್ಕನೆ ಇಟ್ಟೆ. ಬರೆದದ್ದನ್ನೆಲ್ಲ ಅಳಿಸಿದೆ. ಅಷ್ಟರಲ್ಲಿ ನಶ್ಯದ ಘಾಟು ಮೂಗಿಗೆ ಬಡಿದು ಸೀನು ಬಂತು... ತಿರುಗಿ ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಗಾಳಿಯಂತ್ರದ ಸದ್ದನ್ನೇ ಕೇಳುತ್ತಾ ಕುಳಿತೆ.

ಮತ್ತೆ ಫೋನ್. ಈ ಸಲ ಹೊಸದುರ್ಗ. ಎತ್ತಲು ಎಷ್ಟು ಹೊತ್ತು ಬೇಕಾಯಿತೋ.

"ಮಂಜ, ಅವಳ ಫೋನ್ ಬಂತು. ನೋವು ಶುರುವಾಗೈತಂತೆ. ಆಂಬುಲೆನ್ಸಿಗೂ ಹೇಳಿದಾರೆ. ನಾನು ಹೊಂಟೆ, ನನ್ನ ಕಡೇದೂ ನೋಡ್ಕಳಪ್ಪ."

"ಹೋಗಣ್ಣ, ನಾನಿದೀನಿ" ಎಂದೆ, ನನ್ನದೇ ದನಿಯಲ್ಲಿ.

ಬೆಳಗ್ಗೆ ಹಿರಿಯೂರಿನವನು ಬೀಗ ತೆಗೆದು ನೋಡಿ, ಎಲ್ಲವೂ ನಿನ್ನೆ ಬಿಟ್ಟುಹೋದಂತೆಯೇ ಇದೆ ಎಂದ. ಅಷ್ಟೊತ್ತಿಗೆ ಅಲ್ಲಿನ ಆಸ್ಪತ್ರೆಯಲ್ಲಿ ದಾದಾಪೀರಣ್ಣನಿಗೆ ಹೆಣ್ಣುಮಗು ಹುಟ್ಟಿತ್ತು. ಇನ್ನೂ ತಡವಾಗಿದ್ದರೆ ತಾಯಿ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಅಂದಿನಿಂದ ತಿಪ್ಪೇಸ್ವಾಮಣ್ಣನ ದನಿ ನನಗೆ ಬರುತ್ತಿಲ್ಲ. ಗೆಳೆಯರು ಪೀಡಿಸಿದಾಗ ಬಾಯಿ ತೆರೆದರೆ ನನ್ನ ದನಿಯೇ ಬರುತ್ತದೆ. ರಾತ್ರಿ ಪಾಳಿಯಲ್ಲಿ ಕುರ್ಚಿಯನ್ನು ಗೋಡೆಗೆ ಒತ್ತಿ ಕೂರುತ್ತೇನೆ, ಬೆನ್ನ ಹಿಂದೆ ಜಾಗ ಉಳಿಯದ ಹಾಗೆ. ಅದಕ್ಕೆ ಕಾರಣವಿದೆ.

ಕೆಲವು ದಿನಗಳ ನಂತರ ದಾದಾಪೀರಣ್ಣ ಸಿಹಿ ಹಿಡಿದುಕೊಂಡು ನಮ್ಮ ಕೋಣೆಗೆ ಬಂದ. ಧೈರ್ಯ ಮಾಡಿ ಕೇಳಿದೆ: "ನಿಜ ಹೇಳಣ್ಣ. ಅವತ್ತು ಅವರ ದನೀಲಿ ಮಾತಾಡಿ ನನ್ನ ಹೆದರಿಸಿದ್ದು ನೀನೇ ತಾನೆ?"

ಅವನು ಪೊಟ್ಟಣದ ದಾರ ಬಿಚ್ಚುತ್ತಲೇ ಹೇಳಿದ:

"ನನ್ನ ಯಾಕೆ ಕೇಳ್ತೀಯಲೇ. ನೀನು ಅವರ ನಕಲು ಮಾಡೋವಾಗ ನಿನ್ನ ಹಿಂದೆ ನಿಂತು ಒಬ್ರು ನಗೋದು ಫೋನಲ್ಲಿ ಕೇಳಿಸ್ತಿತ್ತಲ್ಲ, ಅವರನ್ನ ಕೇಳು."