ಶಾಂತಪ್ಪನವರು ತೊಟ್ಟಿಯಲ್ಲಿ ಕಳೆ ಕಿತ್ತದ್ದು

ಶನಿವಾರಸಂತೆಯ ಶಾಂತಪ್ಪನವರು ಅರವತ್ತೆಂಟು ವರ್ಷದಲ್ಲಿ ಒಂದು ದಿನವೂ ಕೈಕಟ್ಟಿ ಕೂತವರಲ್ಲ. ಹತ್ತು ಎಕರೆ ತೋಟದ ಒಂದೊಂದು ಕಾಫಿ ಗಿಡದ ಜಾತಕವೂ ಅವರ ನಾಲಿಗೆ ತುದಿಯಲ್ಲಿತ್ತು. ಅಂಥವರಿಗೆ ಎರಡೂ ಮಂಡಿ ಒಟ್ಟಿಗೇ ಕೈಕೊಟ್ಟವು. ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು, ಇನ್ನು ಇಳಿಜಾರು ಹತ್ತಿ ಇಳಿಯುವಂತಿಲ್ಲ ಅಂದುಬಿಟ್ಟರು. ಅವರ ತೋಟದಲ್ಲಿ ಇಳಿಜಾರಲ್ಲದ ಜಾಗವೆಂದರೆ ಗೇಟಿನ ಪಕ್ಕದ ನಾಲ್ಕಡಿ ಮಾತ್ರ.

ಮಗ ಅನಿಲ್‌ಕುಮಾರ್ ತೋಟ ನೋಡಿಕೊಳ್ಳತೊಡಗಿದ. ಅಪ್ಪ ಜಗುಲಿಯಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡಿ, ಈಗ ಯಾವ ಗಿಡದ ಹತ್ತಿರ ನಿಂತಿದ್ದೀಯ ಎಂದು ಕೇಳತೊಡಗಿದರು. ಹದಿನೈದು ದಿನಕ್ಕೆ ಅನಿಲ್ ಸುಸ್ತಾದ. ಮೈಸೂರಿನ ಆಸ್ಪತ್ರೆಯ ಹಾಲ್‌ನಲ್ಲಿ ಸಮುದ್ರದ ಮೀನಿನ ತೊಟ್ಟಿಯೊಂದಿತ್ತು, ಅದರ ಮುಂದೆ ಅಪ್ಪ ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ಅದು ಅವನಿಗೆ ಸಮಯಕ್ಕೆ ಸರಿಯಾಗಿ ನೆನಪಾಯಿತು. ಹಾಸನದ ಅಂಗಡಿಯವನೊಬ್ಬನನ್ನು ಹಿಡಿದು ನಡುಮನೆಯಲ್ಲಿ ನಾಲ್ಕಡಿ ಗಾಜಿನ ತೊಟ್ಟಿ ಇಡಿಸಿದ. ಅದಕ್ಕೆ ಅಳತೆಯಲ್ಲಿ ಬೆರೆಸಿದ ಉಪ್ಪುನೀರು, ಸಮುದ್ರದ ಕಲ್ಲು, ಅಂಗೈಯಗಲದ ಒಂದು ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೊತೆ ಮೀನು.

‘ಲಿಂಗಪೂಜೆ ನಡಿಯೋ ಮನೇಲಿ ಮೀನೇನ್ರೀ!’ ಎಂದು ಹೆಂಡತಿ ಕಾಂತಮ್ಮ ಹಣೆ ಚಚ್ಚಿಕೊಂಡರು.

‘ಸಾಕೋಕ್ ಕಣೇ, ಸಾರಿಗಲ್ಲ,’ ಅಂದರು ಶಾಂತಪ್ಪನವರು.

ದಪ್ಪ ಮೀನಿಗೆ ಗುಂಡ ಎಂದೂ ಸಣ್ಣದಕ್ಕೆ ಪಾಪ ಎಂದೂ ಹೆಸರಾಯಿತು. ಅನಿಲನ ಫೋನ್ ಸುಮ್ಮನಾಯಿತು. ಶಾಂತಪ್ಪನವರು ಬೆಳಿಗ್ಗೆ ಎದ್ದರೆ ಗಾಜು ಒರೆಸುವುದೇನು, ಉಪ್ಪು ಅಳೆಯುವುದೇನು, ನೀರಿನ ಬಿಸಿ ನೋಡುವುದೇನು! ಮನುಷ್ಯ ಮತ್ತೆ ಮನುಷ್ಯನಾದ. ಎರಡಿದ್ದ ಅಕ್ಕಿರೊಟ್ಟಿ ಮೂರಕ್ಕೇರಿತು.

ಹೀಗಿರುವಾಗ ಒಂದು ದಿನ ಕಲ್ಲಿನ ಸಂದಿಯಲ್ಲಿ ಪುಟ್ಟದೊಂದು ಹೂವು ಕಂಡಿತು. ಕಂದು ಬಣ್ಣದ ದಂಟು, ತುದಿಯಲ್ಲಿ ಕೂದಲಿನಂಥ ಎಸಳು. ಶಾಂತಪ್ಪನವರಿಗೆ ಏನು ಖುಷಿ ಅಂತೀರಿ! ಸೊಸೆ ಕುಸುಮಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ಬಗ್ಗಿ ನೋಡಿ, ‘ಮಾವ, ಇದು ಹೂವಲ್ಲ, ಪ್ರಾಣಿ. ಕಲ್ಲಿನ ಜೊತೆ ಬಂದಿರತ್ತೆ. ಕುಟುಕತ್ತೆ, ಹವಳನೂ ಸಾಯ್ಸತ್ತೆ. ತೊಟ್ಟಿ ಸಾಕೋರು ಇದನ್ನ ಕಳೆ ಅಂತಾರೆ’ ಅಂದಳು.

ಕಳೆ! ಆ ಒಂದು ಮಾತು ಸಾಕಾಯಿತು. ಐವತ್ತು ವರ್ಷ ಕಾಫಿ ಗಿಡದ ಬೇಡದ ಚಿಗುರನ್ನು ಚಿವುಟಿ ಬಿಸಾಡಿದ ಕೈ ಅದು. ಆ ಕೈಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಅವರ ಖಚಿತವಾದ ಅಭಿಪ್ರಾಯ. ತೋಳು ಮಡಚಿ ಚಿಮಟ ಹಿಡಿದು ಕೂತರು. ಮುಟ್ಟಿದರೆ ಅದು ಸರಕ್ಕನೆ ಸಂದಿಯೊಳಗೆ ಅಡಗುತ್ತಿತ್ತು. ಇವರು ಬಿಡುವ ಪೈಕಿಯೇ? ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಾದು, ದಂಟು ಹಿಡಿದು ಹರಿದೇ ಹರಿದರು. ಎರಡು ಮೂರು ಚೂರು ನೀರಿನಲ್ಲಿ ತೇಲಿ ಹೋದವು.

ವಾರ ಕಳೆಯುವುದರಲ್ಲಿ ಏಳು ಕಾಣಿಸಿದವು. ಶಾಂತಪ್ಪನವರು ಹೆದರಲಿಲ್ಲ. ಚಿಗುರು ತೆಗೆದ ಮೇಲೆ ಮತ್ತೆ ಬರುವುದು ಸಹಜ, ಮೂರು ಸುತ್ತು ತೆಗೆಯಬೇಕು ಎಂದು ಸೊಸೆಗೇ ತಿಳಿಹೇಳಿದರು. ಏಳನ್ನೂ ಚಿವುಟಿದರು. ಇಪ್ಪತ್ತೆರಡಾದವು. ಇಪ್ಪತ್ತೆರಡನ್ನೂ ಬೆವರು ಸುರಿಸಿ ಚಿವುಟಿದರು. ತಿಂಗಳ ಕೊನೆಗೆ ಕಲ್ಲಿನ ಮೇಲೆ ಐವತ್ತಮೂರು ಹೂವು ತಲೆ ಆಡಿಸುತ್ತಿದ್ದವು. ಆಗ ಕುಸುಮಾ ಫೋನ್‌ನಲ್ಲಿ ಹುಡುಕಿ ಓದಿದವಳು ಮೆಲ್ಲಗೆ ಹೇಳಿದಳು: ‘ಮಾವ... ಹರಿದ್ರೆ ಒಂದೊಂದು ಚೂರೂ ಹೊಸ ಗಿಡ ಆದಂಗೆ ಬೆಳಿಯತ್ತಂತೆ.’

ಶಾಂತಪ್ಪನವರು ಚಿಮಟ ಕೆಳಗಿಟ್ಟರು. ‘ಅಂದ್ರೆ ನಾನು ಇಷ್ಟ್ ದಿನ ನಾಟಿ ಮಾಡ್ದೆ ಅನ್ನು.’

ಅದೇ ವಾರ ಪಾಪನ ಪಕ್ಕೆಯಲ್ಲಿ ಬಿಳಿ ಗಾಯ ಕಾಣಿಸಿತು. ಮೇವು ಹಾಕಿದರೂ ಮೂಲೆ ಬಿಟ್ಟು ಬರಲಿಲ್ಲ. ಹವಳ ಮುದುಡಿಕೊಂಡಿತು. ಅನಿಲ್ ನೋಡಿದ. ‘ಬೇಡ ಬಿಡಪ್ಪ, ಪಾಪದ ಮೀನ್ ಸಾಯೋದು ನೋಡ್ಕಂಡ್ ಕೂರಕ್ಕಾಗಲ್ಲ. ಮುಂದಿನ್ ಭಾನುವಾರ ಹಾಸನದವ್ನು ಬಂದು ಎಲ್ಲಾ ವಾಪಸ್ ತಗಂಡ್ ಹೋಗ್ತಾನೆ. ನಿಂಗೊಂದು ದೊಡ್ಡ ಟೀವಿ ತರ್ತೀನಿ’ ಅಂದ. ಟೀವಿ! ಶಾಂತಪ್ಪನವರು ಮಗನ ಮುಖವನ್ನೇ ನೋಡಿದರು. ತೋಟ ಹೋಗಿತ್ತು, ಈಗ ಇದೂ ಹೋಗುವುದು. ಇನ್ನು ಕೈಯಲ್ಲಿ ಉಳಿಯುವುದು ರಿಮೋಟ್ ಮಾತ್ರ.

ಸಂತೆಯ ದಿನ ಗೊಬ್ಬರದ ಅಂಗಡಿಯ ಶಿವಶಂಕರಪ್ಪ ನೋಡಲು ಬಂದರು. ಹಳೇ ಗೆಳೆಯ, ಎಲ್ಲ ರೋಗಕ್ಕೂ ಅವರ ಹತ್ತಿರ ಒಂದೇ ಔಷಧಿ. ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, ‘ಮೈಲುತುತ್ತ ಸುಣ್ಣ ಬೆರ್ಸಿ ಬೋರ್ಡೋ ದ್ರಾವಣ ಹೊಡಿಯೋ ಶಾಂತಪ್ಪ, ಬುಡಸಮೇತ ಹೋಗ್ತದೆ’ ಅಂದರು. ಶಾಂತಪ್ಪನವರು ಆಗಲೇ ಸ್ಟೋರಿನ ಬೀಗದ ಕೈ ತೆಗೆದಿದ್ದರು! ಕುಸುಮಾ ಓಡಿ ಬಂದು ಅಡ್ಡ ನಿಂತಳು. ‘ಮಾವ, ಮೈಲುತುತ್ತ ಅಂದ್ರೆ ತಾಮ್ರ. ಹವಳ ಇವತ್ತೇ ಸಾಯತ್ತೆ, ಕಲ್ಲೂ ಕೆಡತ್ತೆ. ಬೇಕಾದ್ರೆ ಒಂದು ಜಾತಿ ಸೀಗಡಿ ಸಿಗತ್ತೆ, ಇದನ್ನೇ ತಿನ್ನೋದು. ತರ್ಸೋಣ.’

‘ಸೀಗಡಿ?’ ಅಡುಗೆಮನೆಯಿಂದ ಕಾಂತಮ್ಮನ ದನಿ ಬಂತು. ಹಿಂದೆಯೇ ಕಾಂತಮ್ಮನೂ ಬಂದರು.

‘ತಿನ್ನೋಕಲ್ಲ ಕಣೇ, ಕೆಲಸಕ್ಕೆ,’ ಅಂದರು ಶಾಂತಪ್ಪನವರು.

‘ಕೆಲಸಕ್ಕೆ ಬಂದಿದ್ದಕ್ಕೆ ಸಂಜೆ ಕಾಫಿನೂ ಕೊಡ್ಬೇಕೇನೋ! ಅದು ಈ ಹೊಸ್ಲು ದಾಟಿ ಒಳಗ್ ಬಂದ್ರೆ ನಾನ್ ದಾಟಿ ಹೊರಗ್ ಹೋಗ್ತೀನಿ.’ ಮೀನಿನ ಮೇವಿನ ಡಬ್ಬಿಯಲ್ಲಿ ಏನೇನಿದೆ ಎಂದು ಆ ಮನೆಯಲ್ಲಿ ಇದುವರೆಗೆ ಯಾರೂ ಓದಿ ಹೇಳಿರಲಿಲ್ಲ. ಕುಸುಮಾ ಆ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

ಎರಡು ದಿನ ಶಾಂತಪ್ಪನವರು ತೊಟ್ಟಿಯ ಮುಂದೆ ಸುಮ್ಮನೆ ಕೂತರು. ಗಾಜು ಒರೆಸಲಿಲ್ಲ. ರೊಟ್ಟಿ ಮೂರರಿಂದ ಒಂದಕ್ಕಿಳಿಯಿತು. ಜಗಳಕ್ಕೆ ಕರೆದರೂ ಬಾರದ ಗಂಡನನ್ನು ಕಾಂತಮ್ಮ ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಊಟವಾಗಿ, ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಂತಮ್ಮನ ಬೆರಳು ಅಲ್ಲೇ ನಿಂತಿತು.

‘ಕುಸುಮಾ, ಮೈಲುತುತ್ತ ತಾನೆ ಬೇಡ ಅಂದಿದ್ದು ನೀನು? ಬರೀ ಸುಣ್ಣ ಆದ್ರೆ?’

ಕುಸುಮಾ ಫೋನ್ ನೋಡಿದಳು. ಅವಳ ಕಣ್ಣು ಅರಳಿತು. ‘ಅತ್ತೆ! ಅದೇ ಔಷಧಿಯಂತೆ! ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಸಿ, ಸಿರಿಂಜಿನಲ್ಲಿ ಅದ್ರ ಬಾಯಿಗೇ ಬಿಡ್ಬೇಕು. ದಿನಕ್ಕೆ ಮೂರ್ನಾಲ್ಕೇ. ಜಾಸ್ತಿ ಬಿಟ್ರೆ ಮೀನಿಗೆ ತೊಂದ್ರೆ.’

ಕೊಟ್ಟಿಗೆಯ ಗೂಡಿನಲ್ಲಿ ದನಕ್ಕೆಂದು ತಂದಿಟ್ಟ ಹೊಸ ಸಿರಿಂಜಿತ್ತು. ಶಾಂತಪ್ಪನವರು ಹಿಡಿದರು. ಚಿವುಟಿ ರೂಢಿಯಾದ ಕೈ ಜೋರಾಗಿ ಒತ್ತಿ ಸುಣ್ಣ ನೀರಿನಲ್ಲೆಲ್ಲ ಹರಡಿತು. ‘ಕೊಡಿ ಇಲ್ಲಿ,’ ಎಂದು ಕಾಂತಮ್ಮ ಕಿತ್ತುಕೊಂಡರು. ನಲವತ್ತು ವರ್ಷ ಎಲೆಗೆ ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ ಎಂಬಂತೆ ಸುಣ್ಣ ಹಚ್ಚಿದ ಕೈ. ಒಂದು ಕಾಳಿನಷ್ಟು ಬಿಟ್ಟರು. ಹೂವು ಮೇವೆಂದುಕೊಂಡು ಬಾಯಿ ಮುಚ್ಚಿತು, ಮುದುರಿತು, ಕರಗಿತು.

‘ಆಹಾ! ಎಡಗಡೆ ಇನ್ನೊಂದಿದೆ. ಅಲ್ಲಲ್ಲ, ಅದರ ಕೆಳಗೆ!’ ಶಾಂತಪ್ಪನವರು ಬಗ್ಗಿ ಕೂಗಿದರು. ಬಹಳ ದಿನದ ಮೇಲೆ ಅವರ ಬಾಯಲ್ಲಿ ತೋಟದ ದನಿ ಬಂದಿತ್ತು. ‘ಒಂದಾಳಿಗೆ ಒಬ್ರು ಮೇಸ್ತ್ರಿ,’ ಎಂದು ಕಾಂತಮ್ಮ ಗೊಣಗಿದರು. ಆದರೂ ಮಾರನೇ ದಿನ ಪಾತ್ರೆ ತೊಳೆದು ಮುಗಿಯುವ ಮೊದಲೇ ಸುಣ್ಣದ ಡಬ್ಬಿ ಹಿಡಿದು ಹಾಜರು.

ಭಾನುವಾರ ಹಾಸನದವನು ಬಂದಾಗ ಇಬ್ಬರೂ ತೊಟ್ಟಿಗೆ ತಲೆ ತಾಗಿಸಿಕೊಂಡು ಜಗಳವಾಡುತ್ತಿದ್ದರು. ಪಾಪ ಮೂಲೆ ಬಿಟ್ಟು ಬಂದು ಗುಂಡನ ಮೇವು ಕದಿಯುತ್ತಿತ್ತು. ಅನಿಲ್ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿ, ಬಂದವನಿಗೆ ಕಾಫಿ ಕುಡಿಸಿ ವಾಪಸ್ ಕಳಿಸಿದ.

ಮತ್ತೆ ಹದಿನೈದು ದಿನಕ್ಕೆ ಕಳೆ ಮುಗಿಯುತ್ತ ಬಂತು. ಹವಳ ಬಿಚ್ಚಿಕೊಂಡಿತು. ಹಿಂದಿನ ಕಲ್ಲಿನ ಬುಡದಲ್ಲಿ ಒಂದೇ ಒಂದು ಉಳಿಯಿತು. ಕಾಂತಮ್ಮ ಸಿರಿಂಜು ತುಂಬಿಕೊಂಡು ಬಂದರೆ ಶಾಂತಪ್ಪನವರು ಅವರ ಕೈ ಹಿಡಿದುಕೊಂಡರು.

‘ಅದೊಂದ್ ಇರ್ಲಿ ಬಿಡೇ.’

‘ಯಾಕ್ರೀ? ಹುಚ್ಚಾ?’

‘ಅದೂ ಹೋದ್ರೆ... ನಾಳೆ ಮಧ್ಯಾಹ್ನ ನಾವೇನ್ ಮಾಡೋದು?’

ಕಾಂತಮ್ಮ ಗಂಡನನ್ನು ನೋಡಿದರು. ಸಿರಿಂಜು ಕೆಳಗಿಟ್ಟು ಕುರ್ಚಿ ಎಳೆದು ಕೂತರು. ನಿಧಾನವಾಗಿ ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ಯಾವತ್ತೂ ಇಲ್ಲದ್ದು ಮೊದಲು ಅವರ ಕೈಗೆ ಕೊಟ್ಟರು.

‘ಒಂದ್ ವಾರ ಬಿಟ್ಟು ಅದರಿಂದ ಒಂದ್ ಚೂರ್ ಹರೀರಿ,’ ಅಂದರು. ‘ಒಂದೇ ಚೂರು, ಕೇಳಿಸ್ತಾ? ಮತ್ತೆ ಹತ್ತೆಕರೆ ನಾಟಿ ಮಾಡ್ಬಿಟ್ಟೀರಿ.’