ಕಾಕು ಆರಿಸಿಕೊಟ್ಟ ಜಾಗ

ಕಳೆದ ತಿಂಗಳು ಬೆಳಗಾವಿಯ ಖಾಸಬಾಗದ ತವರುಮನೆಯ ಅಟ್ಟದಿಂದ ಹಳೆಯ ತಾಡಪತ್ರಿಯೊಂದನ್ನು, ದಪ್ಪ ಟಾರ್ಪಾಲಿನ್ ಹೊದಿಕೆಯನ್ನು, ಕೆಳಗೆ ಎಳೆದೆ. ಮಡಿಕೆ ಬಿಚ್ಚುತ್ತಿದ್ದಂತೆ ಮಗ್ಗದ ಎಣ್ಣೆಯ ವಾಸನೆ, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದು, ನಾನು ಅಲ್ಲೇ ಏಣಿಯ ಬುಡದಲ್ಲಿ ಕುಳಿತುಬಿಟ್ಟೆ. ಹತ್ತು ವರ್ಷದ ನನ್ನ ಮಗಳಿಗೆ ರಜೆಯಲ್ಲಿ ಗೆಳತಿಯರ ಜೊತೆ ಖಾನಾಪುರದಾಚೆಯ ಗುಂಜಿಯ ಕಾಡಿನ ಕಡೆ ಡೇರೆ ಹಾಕಿ ಒಂದು ರಾತ್ರಿ ಇರುವ ಆಸೆ. ನೆಲಕ್ಕೆ ಹಾಸಲು ಏನಾದರೂ ಸಿಕ್ಕೀತೆಂದು ಹುಡುಕಲು ಹೋಗಿದ್ದವಳಿಗೆ ಇದು ಸಿಕ್ಕಿತ್ತು. ಇದು ನಮ್ಮ ಮನೆಯದಲ್ಲ. ಬಾಜು ಮನೆಯ ಕಾಕುವಿನದು; ಚಿಕ್ಕಮ್ಮ ಎನ್ನುವಂತೆ ನಾವು ಆಕೆಯನ್ನು ಹಾಗೆ ಕರೆಯುತ್ತಿದ್ದೆವು.

ಕಾಕುವಿನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಒಂದು ಕಾಲಕ್ಕೆ ಆ ಗೋಡೆಯಾಚೆ ಎರಡು ಪವರ್‌ಲೂಮ್ ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಆಕೆಯ ಗಂಡ ಕಾಕಾನಿಗೆ ಲಕ್ವಾ ಹೊಡೆದ ಮೇಲೆ ಮಗ್ಗಗಳು ಮಾರಿಹೋದವು. ಅವುಗಳ ಮೇಲೆ ಹೊದಿಸುತ್ತಿದ್ದ ತಾಡಪತ್ರಿ ಮಾತ್ರ ಉಳಿಯಿತು. ಮಗ್ಗವಿದ್ದ ಜಾಗಕ್ಕೆ ಕಬ್ಬಿಣದ ಮಂಚ ಬಂತು. ಕಾಕಾನಿಗೆ ಮಾತು ನಿಂತುಹೋಗಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಆ ಕೈಯಲ್ಲಿ ಒಂದು ಸ್ಟೀಲ್ ಚಮಚ. ಏನು ಬೇಕಾದರೂ ಮಂಚದ ಸರಳಿಗೆ ಚಮಚ ಬಡಿಯುತ್ತಿದ್ದ. ಟಣ್... ಟಣ್... ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅದು ಕೇಳುತ್ತಿತ್ತು. ಕಾಕು ನಮ್ಮ ಬಾಗಿಲಲ್ಲಿ ನಿಂತು ಅರ್ಧ ಮಾತಾಡಿರುತ್ತಿದ್ದಳು, ಚಮಚದ ಸಪ್ಪಳ ಬಂದೊಡನೆ ಉಳಿದರ್ಧವನ್ನು ನುಂಗಿಕೊಂಡು ಹೋಗಿಬಿಡುತ್ತಿದ್ದಳು. ಕಾಕಾ ಮಲಗಿದ್ದ ಒಂಬತ್ತು ವರ್ಷದಲ್ಲಿ ಆಕೆ ಒಂದು ಮದುವೆಗೂ ಹೋದದ್ದನ್ನು ನಾನು ಕಾಣೆ.

ಆಕೆ ಹುಟ್ಟಿ ಬೆಳೆದದ್ದು ಗುಂಜಿಯಲ್ಲಿ. ತಂದೆ ರೈಲು ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರಂತೆ; ಅವರ ಹಿಂದೆ ಅಲೆದು ಅಲೆದು ಆ ಕಾಡಿನಂಚೆಲ್ಲ ಆಕೆಗೆ ಪರಿಚಯ. ಅಲ್ಲಿಂದ ಖಾಸಬಾಗದ ಈ ಓಣಿಗೆ ಬಂದವಳು ತಿರುಗಿ ಹೋದದ್ದು ಕಡಿಮೆ. ಕಾಕಾ ಮಲಗಿದ ಮೇಲಂತೂ ಇಲ್ಲವೇ ಇಲ್ಲ.

ನನ್ನ ಸ್ಥಿತಿಯೂ ಆಗ ಬೇರೇನಿರಲಿಲ್ಲ. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ದಿನವಿಡೀ ಕಬ್ಬಿಣದ ಬಿಡಿಭಾಗಗಳ ಅಳತೆ ನೋಡಿ ಸರಿ ತಪ್ಪು ಬೇರೆ ಮಾಡುವುದು. ಸಂಜೆ ಆರಕ್ಕೆ ಸ್ಕೂಟರ್ ಓಣಿಗೆ ತಿರುಗದಿದ್ದರೆ ಅಪ್ಪ ಕಟ್ಟೆಯ ಮೇಲೆ ಬಂದು ನಿಂತಿರುತ್ತಿದ್ದರು. ಮದುವೆ ಗೊತ್ತಾಗಿತ್ತು, ಮೇ ತಿಂಗಳಲ್ಲಿ. ಅಷ್ಟರೊಳಗೆ ಒಂದು ದಿನ, ಒಂದೇ ಒಂದು ದಿನ ಯಾರೂ ಗಡಿಯಾರ ನೋಡದ ಕಡೆ ಇರಬೇಕೆಂದು ಕೆಲಸದ ಇಬ್ಬರು ಗೆಳತಿಯರೂ ನಾನೂ ಊಟದ ಬಿಡುವಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಕಾಡಿನ ಹತ್ತಿರ ಡೇರೆ ಹಾಕುವ ಯೋಚನೆ ಹೀಗೆ ಹುಟ್ಟಿತು. ಅಪ್ಪನನ್ನು ಕೇಳುವ ಧೈರ್ಯ ಮೂವರಲ್ಲಿ ಯಾರಿಗೂ ಇರಲಿಲ್ಲ.

ನನ್ನಿಂದ ವಿಷಯ ತಿಳಿದು ಅಪ್ಪನನ್ನು ಕೇಳಿದ್ದು ಕಾಕು. ಒಂದು ಭಾನುವಾರ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಎದುರು ಬಂದು ನಿಂತು, ತಾನೂ ಜೊತೆಗೆ ಹೋಗುವುದಾಗಿ, ಖಾನಾಪುರದಿಂದ ನಾದಿನಿ ಬಂದು ಒಂದು ರಾತ್ರಿ ಮನೆ ನೋಡಿಕೊಳ್ಳುವುದಾಗಿ ಹೇಳಿದಳು. ಅಪ್ಪ ಯಾವ ಗಾಡಿ, ಎಷ್ಟು ಹೊತ್ತಿಗೆ ವಾಪಸು ಎಂದೆಲ್ಲ ಕೇಳಿದರು. ಕೊನೆಗೆ, "ನೀವ್ ಇದ್ರ ಅಡ್ಡಿ ಇಲ್ರಿ" ಎಂದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕಾಕು ತಿರುಗಿ ಹೋಗುವಾಗ ಆಕೆಯ ಮುಖದಲ್ಲಿ ಕಂಡದ್ದು... ನನಗಾಗಿ ಕೇಳಿದವಳ ಮುಖ ಅದಾಗಿರಲಿಲ್ಲ.

ಜಾಗವನ್ನು ಕಣ್ಣಾರೆ ನೋಡದೆ ಹುಡುಗಿಯರನ್ನು ಕರೆದೊಯ್ಯುವುದಿಲ್ಲ ಎಂಬುದು ಆಕೆಯ ಹಟ. ಅದಕ್ಕೊಂದು ದಿನ ಬೇಕಿತ್ತು. ಆರು ತಿಂಗಳಿಗೊಮ್ಮೆ ಕಾಕಾನನ್ನು ತಪಾಸಣೆಗೆಂದು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಳ್ಳುತ್ತಿದ್ದರು. ಗಂಡಸರ ವಾರ್ಡು, ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಪ್ರತಿ ಸಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಳೆಯುತ್ತಿದ್ದ ಆ ದಿನವನ್ನು ಆ ಸಲ ಕಾಕು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕಳೆದಳು. ಖಾನಾಪುರ ದಾಟುವವರೆಗೂ ಮಾತಿಲ್ಲ. ದಾಟಿದ ಮೇಲೆ ನನ್ನ ಭುಜ ಹಿಡಿದಿದ್ದ ಕೈ ಸಡಿಲಾಯಿತು. ಆ ಮರ, ಈ ತಿರುವು ಎಂದು ಹೆಸರು ಹೇಳುತ್ತ ಬಂದಳು.

ನಮ್ಮ ಗೆಳತಿಯೊಬ್ಬಳು ಫೋನಿನಲ್ಲಿ ಫೋಟೋ ನೋಡಿ ಮೆಚ್ಚಿದ್ದು ಹಳ್ಳದ ದಂಡೆಯ ಮರಳು. ಬಿಳಿ ಮರಳು, ಪಕ್ಕದಲ್ಲೇ ತಿಳಿನೀರು. ನನಗೂ ಅಲ್ಲೇ ಇರೋಣವೆನಿಸಿತು. ಕಾಕು ನೀರಿನ ಕಡೆ ನೋಡಲೇ ಇಲ್ಲ. ದಂಡೆಯ ಗಿಡವೊಂದರ ಕವಲಿನಲ್ಲಿ, ನನ್ನ ಎದೆಯೆತ್ತರದಲ್ಲಿ, ಒಣಹುಲ್ಲು ಸಿಕ್ಕಿಕೊಂಡಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ನೀರು ಇಲ್ಲಿಯವರೆಗೆ ಬಂದು ಹೋಗಿದೆ, ಏಪ್ರಿಲ್ ಮಳೆಯನ್ನು ನಂಬಬಾರದು ಎಂದಳು. ಇನ್ನೊಂದು ಕಡೆ ದೊಡ್ಡ ಮರದ ನೆರಳಿತ್ತು. ಅಲ್ಲಿ ಮೊದಲು ತಲೆಯೆತ್ತಿ ಒಣಗಿದ ಟೊಂಗೆ ತೋರಿಸಿದಳು, ಆಮೇಲೆ ಕೆಳಗೆ ಕೆದರಿದ ಹುತ್ತ. ಕರಡಿ ಗೆದ್ದಲು ತಿನ್ನಲು ಬಂದುಹೋದ ಗುರುತು. ಇಬ್ಬರೂ ಸದ್ದಿಲ್ಲದೆ ಅಲ್ಲಿಂದ ಕಾಲು ತೆಗೆದೆವು.

ಮೂರನೆಯದು ದಿಬ್ಬದ ಹೆಗಲ ಮೇಲಿನ ಗೇರುಗಿಡಗಳ ಪಟ್ಟಿ. ಕಾಡಿನ ಜಾಗವಲ್ಲ, ಕಾಕುವಿನ ಸಾಲೆಯ ಗೆಳತಿಯೊಬ್ಬಳ ಸ್ವಂತ ಹೊಲ. ನೂರು ಹೆಜ್ಜೆಗೆ ಬಾವಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಅವಳ ಮನೆ. ಗೆಳತಿ ಮರಾಠಿಯಲ್ಲಿ ಕಾಕುವನ್ನು ಬೈಯುತ್ತಲೇ ತಬ್ಬಿಕೊಂಡಳು. ಇಷ್ಟು ವರ್ಷ ಸತ್ತಿದ್ದೆಯಾ ಎಂದು ಕೇಳಿದಳು. ನೆಲದ ಇಳಿಜಾರು ನೋಡಬೇಕೆಂದು ಕಾಕು ಸೆರಗು ಸುತ್ತಿಕೊಂಡು ಅಲ್ಲೇ ಅಂಗಾತ ಮಲಗಿದಳು. ತಲೆ ಕೆಳಗಾದರೆ ನಿದ್ದೆ ಬರುವುದಿಲ್ಲವಂತೆ. ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿ ಮಲಗಿದವಳು ಕಣ್ಣು ಮುಚ್ಚಿದಳು. ಏಳಲಿಲ್ಲ. ನಿದ್ದೆ ಹತ್ತಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಇಲ್ಲಿ ಏನೂ ಕೇಳ್ಸೂದಿಲ್ಲ ನೋಡ ತಂಗಿ" ಎಂದಳು, ಕಣ್ಣು ತೆರೆಯದೆ.

ಗಾಳಿ ಬೀಸುತ್ತಿತ್ತು, ಎಲ್ಲೋ ಒಂದು ಹಕ್ಕಿ ಬಿಡದೆ ಕೂಗುತ್ತಿತ್ತು. ಆಕೆ ಹೇಳಿದ್ದು ಯಾವ ಸಪ್ಪಳವನ್ನೆಂದು ನನಗೆ ಗೊತ್ತಿತ್ತು. ಮೂರು ಗಂಟೆಗೆ ನಾನೇ ಎಬ್ಬಿಸಿದೆ. ಐದಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆವು.

ಹೊರಡುವ ದಿನ ಬೆಳಿಗ್ಗೆ ಕಾಕು ಒಗೆದ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು, ಈ ತಾಡಪತ್ರಿಯನ್ನು ಸುತ್ತಿ ಕಟ್ಟಿಕೊಂಡು ಹೊರಬಂದಳು. ನಾದಿನಿ ನಿನ್ನೆ ತಡವಾಗಿ ಬಂದಳು, ಇನ್ನೂ ಮಲಗಿದ್ದಾಳೆ ಎಂದು ಅಪ್ಪನಿಗೆ ಕೇಳುವಂತೆ ಹೇಳಿದಳು. ರಿಕ್ಷಾ ಸ್ಟೇಷನ್ ತಲುಪಿತು. ಗೆಳತಿಯರಿಬ್ಬರೂ ಅಲ್ಲಿ ಕಾಯುತ್ತಿದ್ದರು. ನಾಲ್ಕು ಟಿಕೆಟ್ ತರಲು ಹೊರಟ ನನ್ನ ಕೈ ಹಿಡಿದು ಕಾಕು, ಮೂರು ಸಾಕು ಎಂದಳು. ನಾದಿನಿ ಬಂದಿರಲಿಲ್ಲ. ಅವಳ ಗಂಡ ಬೇಡವೆಂದನಂತೆ, ಹಿಂದಿನ ದಿನವೇ ಫೋನ್ ಬಂದಿತ್ತು. ಮನೆಯಲ್ಲಿ ಕಾಕಾ ಒಬ್ಬನೇ ಇದ್ದ.

ಹಾಗಾದರೆ ನಾವೂ ಹೋಗುವುದಿಲ್ಲ ಎಂದೆ. ನನಗೆ ಅಳು ಬಂದಿತ್ತು. ಕಾಕು ಕೈಚೀಲವನ್ನು ನನ್ನ ಹೆಗಲಿಗೆ ಹಾಕಿದಳು.

"ನಾ ಒಬ್ಬಾಕಿ ಉಳದ್ರ ಒಬ್ಬಾಕೀನ ಉಳೀತೀನಿ. ನೀವೂ ತಿರಗಿ ಬಂದ್ರ ನಾಕೂ ಮಂದಿ ಉಳದಂಗ. ನಿಮ್ಮಪ್ಪ ಮತ್ತೊಮ್ಮೆ ಬಿಡೂದಿಲ್ಲ. ಗಾಡಿ ಹತ್ತು."

ಹಿಂದಿನ ಓಣಿಯಿಂದ, ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತೇನೆ, ನೀವು ಬರುವವರೆಗೂ ಹೊರಗೆ ಮುಖ ತೋರಿಸುವುದಿಲ್ಲ ಎಂದಳು. ಓಣಿಯವರಿಗೆ ಒಳಗಿರುವವಳು ನಾದಿನಿ. ಗಾಡಿ ಹೊರಟಾಗ ನಾನು ಕಿಟಕಿಯಿಂದ ನೋಡಿದೆ. ಆಕೆ ನಿಂತು ಕೈ ಬೀಸಲಿಲ್ಲ. ಆಗಲೇ ಮೆಟ್ಟಿಲು ಹತ್ತಿ ಓಡುತ್ತಿದ್ದಳು. ಅಷ್ಟು ಹೊತ್ತು ಕಾಕಾ ಒಬ್ಬನೇ ಇದ್ದನಲ್ಲ...

ಗೇರುಗಿಡಗಳ ನಡುವೆ ಕಾಕುವಿನ ಗೆಳತಿ ನಮ್ಮನ್ನು ಕಂಡೊಡನೆ ನಮ್ಮ ಬೆನ್ನ ಹಿಂದೆ ನೋಡಿದಳು. ವಿಷಯ ಕೇಳಿ ಮನೆಯ ಕಡೆ ತಿರುಗಿ ನಡೆದಳು. ಆಮೇಲೆ ತಂದ ಬುಟ್ಟಿಯಲ್ಲಿ ರಾಗಿ ರೊಟ್ಟಿ, ಒಣಮೀನಿನ ಚಟ್ನಿ ನಾಲ್ಕು ಜನರಿಗಾಗುವಷ್ಟಿತ್ತು. ಎರಡು ಗಿಡಗಳ ನಡುವೆ ಹಗ್ಗ ಕಟ್ಟಿ ತಾಡಪತ್ರಿ ಇಳಿಬಿಟ್ಟೆವು. ಸಂಜೆ ಐದಕ್ಕೆ ಕಪ್ಪಾಯಿತು, ಆಲಿಕಲ್ಲು ಬಿತ್ತು, ಎರಡು ತಾಸು ಮಳೆ. ಕೆಳಗೆ ಹಳ್ಳ ಗುಡುಗಿದಂತೆ ಕೇಳುತ್ತಿತ್ತು. ನಮ್ಮ ಕೆಳಗೆ ನೆಲ ಒಣಗಿಯೇ ಇತ್ತು. ನಾವು ಮೊದಲು ಹೆದರಿದೆವು, ಆಮೇಲೆ ಕಾರಣವಿಲ್ಲದೆ ನಕ್ಕೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೆಳಿಗ್ಗೆ ಇಳಿದು ನೋಡಿದರೆ ಆ ಬಿಳಿ ಮರಳು ಇರಲೇ ಇಲ್ಲ. ಕೆಂಪು ನೀರು ಗಿಡದ ಕವಲಿನವರೆಗೂ ಹರಿಯುತ್ತಿತ್ತು.

ಅದೇ ದಿನ ಸಂಜೆ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಕಾದಿದ್ದ ಕಾಕು ನಮ್ಮ ರಿಕ್ಷಾ ಹತ್ತಿದಳು. ಎರಡು ನಿಮಿಷದಲ್ಲಿ ಎಲ್ಲ ಕೇಳಿಕೊಂಡಳು: ಮಳೆ ಎಷ್ಟು ಹೊತ್ತಿಗೆ, ಗೆಳತಿ ಏನು ಕೊಟ್ಟಳು, ಹಗ್ಗ ಯಾವ ಗಿಡಕ್ಕೆ. ಕಟ್ಟೆಯ ಮೇಲೆ ಅಪ್ಪ ಹೇಗಾಯಿತೆಂದು ವಿಚಾರಿಸಿದಾಗ ಆಕೆ ಆಲಿಕಲ್ಲು ತಾಡಪತ್ರಿಯ ಮೇಲೆ ಬಿದ್ದ ಸಪ್ಪಳವನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಒಂದು ಕ್ಷಣ ನನಗೇ ಆಕೆ ನಮ್ಮ ಜೊತೆಗಿದ್ದಳೇನೋ ಅನಿಸಿತು. ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒದ್ದೆಯಾಗಿದ್ದ ತಾಡಪತ್ರಿಯನ್ನು ಒಣಹಾಕಿದ್ದು ನಮ್ಮ ಹಿತ್ತಲಲ್ಲಿ. ಅದು ನಮ್ಮಲ್ಲೇ ಉಳಿಯಿತು.

ಆ ಒಂದು ದಿನದ ಬಗ್ಗೆ ಕಾಕು ಆಮೇಲೆ ನನಗೆ ಹೇಳಿದ್ದು ಒಂದೇ ಮಾತು. ಅವತ್ತು ಕಾಕಾ ಒಂದು ಸಲವೂ ಚಮಚ ಬಡಿಯಲಿಲ್ಲವಂತೆ. ಯಾಕೆಂದು ಆಕೆಗೂ ತಿಳಿಯಲಿಲ್ಲ.

ನನ್ನ ಮದುವೆಯಾಯಿತು. ಮೂರು ವರ್ಷಕ್ಕೆ ಕಾಕಾ ತೀರಿಕೊಂಡ. ಈಗಾದರೂ ಕಾಕು ಬೇಕಾದಲ್ಲಿಗೆ ಹೋಗಬಹುದು ಎಂದು ಎಲ್ಲರೂ ಅಂದುಕೊಂಡೆವು. ಆದರೆ ಯಾರ ಮನೆಯಲ್ಲೂ ಆಕೆಗೆ ಅರ್ಧ ತಾಸಿಗಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಕಿವಿಗೊಟ್ಟು, ಎದ್ದು ಹೊರಟುಬಿಡುತ್ತಿದ್ದಳು. ಒಮ್ಮೆ ಟಿಳಕವಾಡಿಯ ನನ್ನ ಮನೆಗೆ ಬಂದಿದ್ದಳು. ಮಗಳು ಆಗ ಕೂಸು, ನನಗೆ ಕೈ ಬಿಡುವಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, "ಆ ಸ್ಕೂಟರ್ ಇನ್ನೂ ಐತೇನ ತಂಗಿ?" ಎಂದಳು. ಮಾರಿಬಿಟ್ಟೆವು ಕಾಕು, ಎಂದೆ. ಹೌದೇ ಎಂದು ನಕ್ಕಳು, ಕೂಸಿನ ತಲೆ ನೇವರಿಸಿ ಹೊರಟಳು. ಆಕೆ ಕೇಳಿದ್ದು ಸ್ಕೂಟರನ್ನಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಅಷ್ಟರಲ್ಲಿ ಒಂದು ಮಳೆಗಾಲದಲ್ಲಿ ಎದೆನೋವೆಂದು ಮಲಗಿದವಳು ಏಳಲಿಲ್ಲ.

ಏಣಿಯ ಬುಡದಲ್ಲಿ ಕೂತು ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಕಾಕು ಸ್ಟೇಷನ್‌ನಿಂದ ತಿರುಗಿ ಹೋದದ್ದನ್ನೂ ಹೇಳಿದೆ. ಒಳಗೆ ಕಾಳು ಆರಿಸುತ್ತಿದ್ದ ಅಮ್ಮ ತಲೆಯೆತ್ತದೆ, ತನಗೆ ಅವತ್ತೇ ಗೊತ್ತಿತ್ತು ಎಂದಳು.

ಆ ಸಂಜೆ ಆಲಿಕಲ್ಲು ಬಿದ್ದಾಗ ಖಾಸಬಾಗದಲ್ಲೂ ಹೊಳೆಯಂತೆ ಮಳೆ. ನನ್ನ ಫೋನ್ ಹತ್ತಲಿಲ್ಲ, ಕಾಕುವಿನದೂ ಹತ್ತಲಿಲ್ಲ. ಅಪ್ಪ ಕಟ್ಟೆಯಿಂದ ಒಳಗೆ, ಒಳಗಿಂದ ಕಟ್ಟೆಗೆ ಓಡಾಡುತ್ತಿದ್ದರಂತೆ. ಖಾನಾಪುರದ ನಾದಿನಿಗೆ ಆ ಕಡೆಯ ಹಳ್ಳದ ಸುದ್ದಿ ಗೊತ್ತಿರಬಹುದೆಂದು ಅಮ್ಮ ಹಿತ್ತಲಿನಿಂದ ಹೋಗಿ ಕಾಕುವಿನ ಮನೆಯ ಬಾಗಿಲು ಬಡಿದಳು. ಒಳಗೆ ಸದ್ದಿಲ್ಲ. ನನ್ನ ಮಗಳು ನೀರಿನ ಬಾಜೂಕ ಇದ್ದಾಳೆ, ಏನಾದರೂ ಗೊತ್ತಿದ್ದರೆ ಹೇಳಿ ಎಂದು ಬಾಗಿಲಿಗೆ ಹಣೆ ಹಚ್ಚಿ ಅತ್ತಳು. ಆಗ ಅಗಳಿ ಸರಿಯಿತು. ಎದುರಿಗೆ ಕಾಕು ನಿಂತಿದ್ದಳು.

"ಹೆದರಬ್ಯಾಡ್ರಿ ವೈನಿ" ಎಂದಳಂತೆ. "ಅವರು ಎತ್ತರದಾಗ ಅದಾರ. ಜಾಗಾ ನಾನ ನೋಡಿ ಬಂದೇನಿ. ಅಲ್ಲಿ ನೀರು ಏರೂದಿಲ್ಲ."

ಅಮ್ಮನಿಗೆ ಮೊದಲು ಸಿಟ್ಟು ನೆತ್ತಿಗೇರಿತು. ಹುಡುಗಿಯರಷ್ಟನ್ನೇ ಕಳಿಸಿದಿರಾ ಎಂದು ಕೇಳಿದಳು. ಕಾಕು ಅಮ್ಮನ ಎರಡೂ ಕೈ ಹಿಡಿದುಕೊಂಡು ನಿಂತಳು. ಮಳೆ ನಿಲ್ಲುವವರೆಗೂ ಇಬ್ಬರೂ ಹಾಗೇ ಹೊಸ್ತಿಲಲ್ಲಿ ನಿಂತಿದ್ದರಂತೆ. ಸಿಟ್ಟಿಳಿದ ಮೇಲೆ ಅಮ್ಮನೇ ಹೇಳಿದಳು: ಬೆಳಗಿನ ಗಾಡಿಗೆ ನೀವು ಹೋಗಿಬನ್ನಿ, ನಿಮ್ಮ ಮನೆಯವರನ್ನು ನಾನು ನೋಡಿಕೊಳ್ಳುತ್ತೇನೆ, ನಮ್ಮ ಮನೆಯವರಿಗೆ ಏನಾದರೊಂದು ಹೇಳುತ್ತೇನೆ. ಕಾಕು ಒಳಗೆ ಹೋಗಿ ಮಂಚದ ಹತ್ತಿರ ನಿಂತು ಬಂದಳು. ನಾನೋ ಅವರ ತಂಗಿಯೋ ಅಲ್ಲದೆ ಬೇರೆಯವರ ಕೈಯಿಂದ ಅವರು ನೀರು ಸಹ ಕುಡಿಯುವುದಿಲ್ಲ ವೈನಿ, ಎಂದು ಬಾಗಿಲು ಹಾಕಿಕೊಂಡಳು.

ಅಮ್ಮ ಅಪ್ಪನಿಗೆ ಹೇಳಲಿಲ್ಲ. ಹುಡುಗಿಯರು ಎತ್ತರದ ಜಾಗದಲ್ಲಿದ್ದಾರೆಂದು ನಾದಿನಿ ಹೇಳಿದಳು ಎಂದಷ್ಟೇ ಹೇಳಿ ಅವರನ್ನು ಕೂರಿಸಿದಳು. ಮರುದಿನ ಕಟ್ಟೆಯೆದುರು ಕಾಕು ಆಲಿಕಲ್ಲಿನ ಸಪ್ಪಳ ಬಣ್ಣಿಸಿದಾಗ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು.

ಇಷ್ಟು ವರ್ಷ ನನಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಅಮ್ಮ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹೇಳಿದ್ರ, ಆಮ್ಯಾಲ ಒಂದಿನಾ ಆಕೀನ್ನ ಕರಕೊಂಡ ಹೋಗಿರ್ತಿದ್ದೇನು?"

ನಾನು ತಾಡಪತ್ರಿಯನ್ನು ಮತ್ತೆ ಮಡಿಚತೊಡಗಿದೆ. ಕಾಕಾ ತೀರಿದ ಮೇಲೆ ಕಾಕು ನಾಲ್ಕು ವರ್ಷ ಬದುಕಿದ್ದಳು. ಬೆಳಗಾವಿಯಿಂದ ಗುಂಜಿ ರೈಲಿನಲ್ಲಿ ಒಂದು ತಾಸಿನ ದಾರಿ.