ನೆರಳು ಬೀಳದ ಜಾಗ

“ಈ ಕಲ್ಲ ಇಲ್ಲಿ ಯಾರಮ್ಮ ಮಡಗಿದ್ದು?”

ಗುಂಡ್ಲುಪೇಟೆಯ ನಮ್ಮ ಮನೆಗೆ ಸೋಲಾರ್ ಹಾಕಿಸಲು ಅರ್ಜಿ ಕೊಟ್ಟಿದ್ದೆವು. ಅನುಮತಿಗೆ ಮುಂಚೆ ಜಾಗ ನೋಡಲು ಬಂದ ವಿದ್ಯುತ್ ಕಚೇರಿಯವರು ತಾರಸಿಯ ಮೇಲೆ ನಿಂತು ಹೀಗೆ ಕೇಳಿದರು. ನೀರಿನ ಟ್ಯಾಂಕಿನ ನೆರಳು, ಪಕ್ಕದ ಮನೆಯ ತೆಂಗಿನ ನೆರಳು ಎಲ್ಲ ತಪ್ಪಿಸಿ ಅವರು ಎಳೆದ ಸೀಮೆಸುಣ್ಣದ ಗೆರೆ, ಚೌಕವಾಗಿ ಮೂಲೆಗೊಂದರಂತೆ ಇಟ್ಟಿದ್ದ ಆ ನಾಲ್ಕು ಕಲ್ಲುಗಳ ಹತ್ತಿರವೇ ಬಂದು ನಿಂತಿತ್ತು.

“ನಮ್ಮತ್ತೆ ಸಾರ್. ಸಂಡಿಗೆ ಹಾಕಿದ ಸೀರೆ ಗಾಳಿಗೆ ಹಾರದೆ ಇರ್ಲಿ ಅಂತ,” ಎಂದೆ. ಅತ್ತೆ ತೀರಿಕೊಂಡ ಮೇಲೆ ನಾನು ಸಂಡಿಗೆ ಹಾಕಿರಲಿಲ್ಲ. ಕಲ್ಲು ಎತ್ತಿಡಲೂ ಮನಸ್ಸು ಬಂದಿರಲಿಲ್ಲ.

“ಇಡೀ ದಿನ ಬಿಸ್ಲು ಬೀಳೋದು ಇದೊಂದ್ ಕಡೆನೇಯ. ಅವ್ರು ಆಗ್ಲೇ ಜಾಗ ನೋಡ್ಬುಟ್ಟವ್ರೆ ಬುಡಿ,” ಎಂದು ನಕ್ಕರು.

ಮೊನ್ನೆ ಮೊಬೈಲಿಗೆ ಅನುಮತಿ ಬಂತು. ಪ್ಯಾನೆಲ್ ಕೂರಿಸುವವರಿಗೆ ಸ್ವಲ್ಪ ತಡೆದು ಬನ್ನಿ ಎಂದು ಹೇಳಿ, ಆ ಕಲ್ಲುಗಳ ನಡುವೆ ಅತ್ತೆಯ ಹಳೇ ಸೀರೆ ಹಾಸಿ ಕೊನೆಯ ಸಲ ಸಂಡಿಗೆ ಹಾಕಿದೆ. ಕೋಲು ಹಿಡಿದು ಕಾವಲು ಕೂತೆ. “ಕಾಗೆ ಓಡ್ಸು ಕಣಮ್ಮಿ” ಎಂದು ಕೆಳಗಿನಿಂದ ಕೂಗುವವರು ಇರಲಿಲ್ಲ. ಬಂದು ಕೂತ ಕಾಗೆಯನ್ನು ನಾನೂ ಓಡಿಸಲಿಲ್ಲ.